ಡಿಸ್ಕಿನ್ಯಾಗ ಜಾಗ ಇಲ್ಲದ ದಿನ

ಅಣ್ಣಿಗೇರಿಯ ಹತ್ತಿ ಮಿಲ್ಲಿನ್ಯಾಗ ನಾನು ಜವಾನ ಇದ್ದಾಗ, ಸುತ್ತಲ ಹಳ್ಳಿಗೆಲ್ಲ ನಮ್ಮದೊಂದೇ ಕಂಪ್ಯೂಟರ್. ಹತ್ತಿ ತರುವ ರೈತರ ಹೆಸರೆಲ್ಲ ಅದರ ಹೊಟ್ಟಿಯಾಗ. ಒಮ್ಮೆ ಹುಬ್ಬಳ್ಳಿಯಿಂದ ಇಂಜಿನಿಯರ್ ಫ್ಲಾಪಿ ತಂದು, ಕಂಪ್ಯೂಟರ್ ನಡೆಸುವ ಹಳೇ ಸಿಸ್ಟಮ್ ತೆಗೆದು ಹೊಸದು ಹಾಕಲು ಕೂತ. ಬಾಜೂಕ ಮಿಲ್ಲಿನ ಮಾಲೀಕ ಸಾವ್ಕಾರ್ರು.

"ಡಿಸ್ಕಿನ್ಯಾಗ ಜಾಗ ಇಲ್ರಿ ಸಾವ್ಕಾರ್ರ. ಸತ್ತವರ ಹೆಸರರ ಅಳಸ್ರಿ."

"ಮಣ್ಣು ಮಾಡಿದವರನ್ನ ಮತ್ತೊಮ್ಮೆ ಮಣ್ಣು ಮಾಡ ಅಂತೀಯೇನು? ಅವರ ಮಕ್ಕಳು ನನ್ನ ಬಾಗಿಲಿಗೆ ಹತ್ತಿ ತರೂದಿಲ್ಲ. ಹಂಗ ತುರುಕು!"

ತುರುಕಿದ. ಹಳೇದು ಅಳಿಸಿಹೋತು, ಹೊಸದು ಅರ್ಧಕ್ಕ ನಿಂತಿತು, ಪರದೆ ಕಪ್ಪಾತು. ಕೆಡಿಸಿದ ಇಬ್ಬರೂ ಕುರ್ಚಿ ಮ್ಯಾಲ ಕುಂತಿದ್ದರು. ನಿಂತವ ನಾನೊಬ್ಬನ.

"ಈ ಕಂಪ್ಯೂಟರ್ ಪೆಟ್ಟಿಗಿ ಸ್ಟೇಶನ್ನಿನಿಂದ ತಂದವ್ರು ಯಾರು?" ಇಂಜಿನಿಯರ್ ಕೇಳಿದ.

"ನಾನ ರೀ! ಒಬ್ಬನ ತಲಿಮ್ಯಾಲ ಹೊತ್ತು ಓಡಿಕೋತ ತಂದೀನಿ. ಬಸ್ಸು ಹಿಂದ ಬಿತ್ತು!"

"ನೋಡ್ರಿ ಸಾವ್ಕಾರ್ರ, ಅಲುಗಾಡಿಸಿ ಕೆಡಿಸ್ಯಾನ."

ಸಾವ್ಕಾರ್ರಿಗೂ ಅದ ಬೇಕಾಗಿತ್ತು. "ನಾಳಿಂದ ಬರಬ್ಯಾಡ ಕಾಕಾ," ಅಂದರು.

ನಾಲ್ಕು ಮಂದಿ ಸೇರಿ, ಚಕ್ಕಡಿಯಾಗ ಹುಲ್ಲು ಹಾಸಿ ಮೆತ್ತಗ ತಂದಿದ್ವಿ ಅಂತ ಒಂದು ಮಾತು ಅಂದಿದ್ದರ ನೌಕರಿ ಉಳೀತಿತ್ತು. ಆದರ ಹತ್ತಿ ಆರಿಸೂ ಹೆಣ್ಣಾಳೆಲ್ಲ ಬಾಗಿಲಿಗೆ ಬಂದು ನಿಂತು ಕೇಳಾಕತ್ತಿದ್ದರು. ಅವರ ಮುಂದ ನೌಕರಿ ಬಿಡಬಹುದು, ಆ ಓಟ ಹ್ಯಾಂಗ ಬಿಡಲಿ?