ಅಕ್ಕೋರು ಓದಿದ ಆರನೇ ಅಧ್ಯಾಯ

ಪುಸ್ತಕ ಅಂಟಿಸುವ ಮೈದಾ ಸರಿಗೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ದವಾಖಾನೆ, ಸ್ವಲ್ಪ ಹೊತ್ತಿದ ಗಂಜಿ... ಹೋದ ವಾರ ಮೋಮಿನಪುರದಲ್ಲಿ ಚಹಾ ಕುಡಿಯುತ್ತ ಗೆಳೆಯನಿಗೆ ಅವನ ಮಾವನದೇ ದನಿ ನಕಲು ಮಾಡಿ ತೋರಿಸುತ್ತಿದ್ದೆ. ಮಾವ ಚೆನ್ನಾಗಿ ಬರುತ್ತಿದ್ದ. ಅಷ್ಟರಲ್ಲಿ ಎದುರಿನ ಬೈಂಡಿಂಗ್ ಅಂಗಡಿಯಿಂದ ಆ ವಾಸನೆ ತೇಲಿ ಬಂತು, ಮಾವ ಅರ್ಧಕ್ಕೇ ನಿಂತುಬಿಟ್ಟ. "ಮುಂದ?" ಅಂದ ಗೆಳೆಯ. ಮುಂದೆ ಏನೂ ಇರಲಿಲ್ಲ. ಕಪ್ಪು ಕೆಳಗಿಟ್ಟು ಎದ್ದೆ. ಅಕ್ಕೋರು ನೆನಪಾಗಿದ್ದರು.

ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅಂತಾರೆ. ಇವರು ಕಮಲಾಪುರದಲ್ಲಿ ಕಲಿಸಿ, ನಿವೃತ್ತರಾಗಿ, ಅಲ್ಲೇ ಒಬ್ಬರೇ ಇದ್ದವರು. ಪ್ರತಿ ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಕಲಬುರಗಿಗೆ ಬರುತ್ತಿದ್ದರು. ಜೇವರ್ಗಿ ಕಾಲೋನಿಯ ಒಂದು ಟ್ಯೂಷನ್ ಕ್ಲಾಸಿನ ಮಹಡಿಯಲ್ಲಿ ನಾವು ನಾಲ್ಕೈದು ಜನ ಕೂಡಿ ಹಳೆಯ ಕ್ರೈಸ್ತ ಗ್ರಂಥ ಓದುತ್ತಿದ್ದೆವು. ಆ ಟ್ಯೂಷನ್ನಿನಲ್ಲಿ ವಿಜ್ಞಾನ ಕಲಿಸುತ್ತಿದ್ದವ ನಾನು. ಭಕ್ತಿಯಿಂದ ಸೇರಿದೆ ಅಂತ ನಮ್ಮವ್ವ ಚರ್ಚಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ಖರೇ ಹೇಳಬೇಕಂದರೆ ಮಹಡಿಯ ಕೀಲಿಕೈ ನನ್ನ ಹತ್ತಿರ ಇತ್ತು, ಅದಕ್ಕೇ ನಾನು ಸದಸ್ಯ.

ಪುಸ್ತಕ ಒಂದೇ ಇತ್ತು, ಅಕ್ಕೋರದು. ಅವರ ಅಪ್ಪ ಚೀಲದಲ್ಲಿ ಧರ್ಮಗ್ರಂಥ ಹೊತ್ತುಕೊಂಡು ಊರೂರು ತಿರುಗಿ ಮಾರುತ್ತಿದ್ದವರಂತೆ. ಮಾರದೆ ಮನೆಗೆ ಇಟ್ಟುಕೊಂಡದ್ದು ಅದೊಂದೇ. ಶತಮಾನಗಳ ಹಿಂದೆ ಯಾವುದೋ ಹಿಮದ ದೇಶದ ಮಠದಲ್ಲಿದ್ದ ಸನ್ಯಾಸಿಯೊಬ್ಬ ಪ್ರಾರ್ಥನೆಯ ಬಗ್ಗೆ ಬರೆದದ್ದು, ಹಳೆಗಾಲದ ಕನ್ನಡಕ್ಕೆ ಯಾರೋ ತಂದದ್ದು. ಅಕ್ಕೋರು ಓದಬೇಕು, ನಾವು ಕೇಳಬೇಕು. ಕೇಳುತ್ತ ಎಲ್ಲಿ ಮನಸ್ಸು ಸಿಕ್ಕಿಕೊಂಡಿತೋ ಆ ಒಂದು ಸಾಲನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಅರ್ಥ ಕೇಳಬಾರದು. ಒಂದು ವಾರ ಅದರ ಜೊತೆ ತಿರುಗಾಡಿ, ಮುಂದಿನ ಶನಿವಾರ ಮಾತಾಡಬೇಕು. ಇದು ಅಕ್ಕೋರು ಹಾಕಿದ ಕಾಯಿದೆ. ನನಗೋ ಒಂದು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಕಾಲು ಬದಲಾಯಿಸಬೇಕು, ಎರಡು ಸಲ ಕಿಟಕಿ ನೋಡಬೇಕು. ಉಳಿದ ಹೊತ್ತು ಮಿಮಿಕ್ರಿಗೆ ಎಲ್ಲರ ದನಿ ಕದಿಯುವುದು.

ಕದಿಯಲು ಮಾಲು ಬೇಕಾದಷ್ಟಿತ್ತು. ಅಂಚೆ ಇಲಾಖೆಯಲ್ಲಿ ಜೀವ ಸವೆಸಿದ ಪೋಸ್ಟ್ ಅಂಕಲ್ ಪ್ರತಿ ಮಾತಿಗೂ ಸಿಕ್ಕೆ ಒತ್ತಿದಂತೆ ಮೇಜು ಕುಟ್ಟುತ್ತಿದ್ದರು. ಮೋಮಿನಪುರದ ಬೈಂಡರ್ ಚಾಚಾ ಒಮ್ಮೆ ಚರ್ಚಿನ ಹಾಡಿನ ಪುಸ್ತಕ ಹೊಲಿದು ಕೊಡಲು ಬಂದವರು, ಅಕ್ಕೋರ ಓದು ಕೇಳಿ ಕೂತವರು ಏಳಲೇ ಇಲ್ಲ. "ನಮ್ಮ ಪೀರ್ ಲೋಗಾಂ ಭೀ ಹಿಂಗೇ ಹೇಳ್ಯಾರ ಬಾ," ಅಂತ ಸೂಫಿ ಸಂತರನ್ನು ನೆನೆಯುತ್ತ, ತಮ್ಮ ನೋಟುಬುಕ್ಕಿನಲ್ಲಿ ಉರ್ದು ಲಿಪಿಯಲ್ಲಿ ಕನ್ನಡದ ಸಾಲು ಬರೆದುಕೊಳ್ಳುತ್ತಿದ್ದರು. ಇನ್ನು ಅಕ್ಕೋರು. ಗಂಟಲು ಸರಿಮಾಡಿಕೊಂಡು, ಸೆರಗಿನ ತುದಿಯಿಂದ ಚಷ್ಮಾ ಒರೆಸಿ, ಪುಟದ ಮೇಲೆ ಬೆರಳಿಟ್ಟು, ದಾರಿ ಬದಿಗೆ ನಡೆದು ಹೋಗುವವರ ಹಾಗೆ ನಿಧಾನ ಓದುವುದು. ಅವರ ನಕಲು ಮಾಡುವುದು ಬಹಳ ಸಲೀಸು ಅಂದುಕೊಂಡಿದ್ದೆ.

ಒಂದು ಶನಿವಾರ ಹೀಗೆ ಓದಿದರು: "ಗೊನೆ ಬಿಟ್ಟ ಬಾಳೆಗೆ ಕೋಲಿನ ಆಸರೆ ಕೊಡುವವನು, ಬಾಗಿದೆಯೆಂದು ಅದನ್ನು ಬೈಯುವುದಿಲ್ಲ. ಕರ್ತನೇ, ನನಗೂ ಹಾಗೆಯೇ ಆಸರೆ ಕೊಡು." ಎಲ್ಲರ ಪೆನ್ನುಗಳೂ ಒಮ್ಮೆಲೇ ಓಡಿದವು. ಪೋಸ್ಟ್ ಅಂಕಲ್ ಮಾತ್ರ ತಲೆ ಎತ್ತಿ, "ಹಿಮ ಬೀಳೋ ದೇಶದಾಗ ಬಾಳಿ ಎಲ್ಲಿಂದ ಬಂತ್ರೀ ಅಕ್ಕೋರೇ?" ಅಂದರು.

"ಅನುವಾದ ಮಾಡಿದವರು ನಮ್ಮ ಕಡಿಯವರ ಇರಬೇಕು ತಗೋರಿ," ಅಂದರು ಅಕ್ಕೋರು.

ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದಿಂದ ಬಂದವರು ಹಾಗೆ ಹೇಳಿದ ಮೇಲೆ ಯಾರು ಏನು ಅನ್ನುತ್ತಾರೆ.

ಪುಸ್ತಕದ ಹಾಳೆಗಳು ಉದುರತೊಡಗಿದ್ದವು. ಎಲ್ಲರಿಗೂ ಒಂದೊಂದು ಝೆರಾಕ್ಸ್ ಪ್ರತಿ ಮಾಡಿಸೋಣ ಅಂದರೆ ಅಕ್ಕೋರು, "ಬ್ಯಾಡಪ್ಪ, ಒಂದೇ ಸಾಕು. ಕಿವಿ ಇರೋದ್ಯಾಕ," ಅಂದಿದ್ದರು. ನನಗೆ ಬ್ಯಾಡ ಅಂದದ್ದೇ ಮಾಡುವ ಚಟ. ಅದನ್ನೂ ಹೇಳದೆ ಮಾಡಿ, ಎಲ್ಲರ ಮುಖ ನೋಡುವ ಚಟ. ಹೊಲಿಸುತ್ತೇನೆ ಅಂತ ಸುಳ್ಳು ಹೇಳಿ ಪುಸ್ತಕ ಒಯ್ದೆ, ಝೆರಾಕ್ಸ್ ಮಾಡಿಸಿದೆ, ಹಾಳೆಗಳ ಕಟ್ಟನ್ನು ಚಾಚಾನ ಅಂಗಡಿಯಲ್ಲಿಟ್ಟೆ. ಮುಂದಿನ ಶನಿವಾರ ಚಾಚಾ ಸರಿಯ ವಾಸನೆ ಇನ್ನೂ ಆರದ ಪುಸ್ತಕಗಳನ್ನು ಅಕ್ಕೋರಿಗೂ ಸೇರಿಸಿ ಎಲ್ಲರಿಗೂ ಹಂಚಿದರು.

ಪೋಸ್ಟ್ ಅಂಕಲ್ ರಟ್ಟು ತೆಗೆದರು, ಕೊನೆಯ ಪುಟ ಬಂತು. ತಿರುಗಿಸಿದರು, ಅದರ ಹಿಂದಿನದು ಬಂತು. ಪುಸ್ತಕದ ಬೆನ್ನು ಬಲಗಡೆ ಇತ್ತು. ಜೀವಮಾನವೆಲ್ಲ ಬಲದಿಂದ ಎಡಕ್ಕೆ ಓದುವ ಉರ್ದು ಕಿತಾಬು ಹೊಲಿದ ಕೈ, ಕನ್ನಡವನ್ನೂ ಅದೇ ಮಗ್ಗಲಿಗೆ ಹೊಲಿದಿತ್ತು.

"ಅರೆ, ಗಲ್ತಿ ಹೋಗಯಾ," ಅಂತ ಚಾಚಾ ಹಣೆ ತಟ್ಟಿಕೊಂಡರು. "ನಾ ಏನ್ ಮಾಡ್ಲಿ ಬಾ, ಕೈ ತನ್ನಷ್ಟಕ್ಕ ತಾನ ಹೋತು."

"ಚಾಚಾ ನಮ್ಮ ಸನ್ಯಾಸಿಗೆ ನಮಾಜು ಕಲಿಸ್ಯಾರ," ಅಂದೆ ನಾನು. ಮೊದಲು ನಕ್ಕವರು ಚಾಚಾನೇ.

ನಗು ಇಳಿಯುವಷ್ಟರಲ್ಲಿ ಗಮನಿಸಿದೆ. ಅಕ್ಕೋರು ನಕ್ಕಿರಲಿಲ್ಲ. ಆಗಲೇ ಆರನೇ ಅಧ್ಯಾಯ ಓದಲು ಶುರು ಮಾಡಿದ್ದರು. ಅವರ ಕೈಯಲ್ಲಿ ತೆರೆದಿದ್ದದ್ದು ಕೊನೆಯ ಹಾಳೆ, ಅದರಲ್ಲಿ ಮುದ್ರಣಾಲಯದ ವಿಳಾಸ ಬಿಟ್ಟರೆ ಏನೂ ಇರಲಿಲ್ಲ. ಆ ಖಾಲಿ ಹಾಳೆಯ ಮೇಲೆ ಬೆರಳು ಸಾಲು ಸಾಲಾಗಿ ಸರಿಯುತ್ತಿತ್ತು.

ನಾನು ಮಾಡಬೇಕಾದ್ದು ಸುಮ್ಮನಿರುವುದು. ಅದೊಂದು ನನಗೆ ಯಾವತ್ತೂ ಬಂದಿಲ್ಲ. ಅವರ ಹಿಂದೆ ನಿಂತು, ನನ್ನ ಪ್ರತಿಯ ಕೊನೆಯ ಹಾಳೆ ತೆರೆದು, ಗಂಟಲು ಸರಿಮಾಡಿಕೊಂಡು, ಇಲ್ಲದ ಚಷ್ಮಾ ಒರೆಸಿ, ಖಾಲಿ ಹಾಳೆಯ ಮೇಲೆ ಬೆರಳು ಸರಿಸುತ್ತ ಅವರದೇ ದನಿಯಲ್ಲಿ ಜೊತೆಗೆ ಓದಿದೆ. ಎಲ್ಲ ನಕ್ಕರು. ಆಮೇಲೆ ಒಬ್ಬೊಬ್ಬರದೇ ನಗು ನಿಂತಿತು. ನಾನು ತೋರಿಸಿದ್ದು ಏನು ಅಂತ ನನಗಿಂತ ಮೊದಲು ಉಳಿದವರಿಗೆ ತಿಳಿದಿತ್ತು.

ಪೋಸ್ಟ್ ಅಂಕಲ್ ಅಷ್ಟೊತ್ತಿಗೆ ಹಿಂದುಮುಂದು ಮಾಡಿ ಆರನೇ ಅಧ್ಯಾಯ ಹುಡುಕಿದ್ದರು. ಮೆಲ್ಲಗೆ, ಮೇಜು ಕುಟ್ಟದೆ, "ಅಕ್ಕೋರೇ, ನೀವು ಓದಿದ್ದು ಇದರಾಗ ಇಲ್ಲಲ್ರೀ," ಅಂದರು. ಐದನೆಯದು ತೆರೆದರು. ಬಾಳೆ ಅಲ್ಲೂ ಇರಲಿಲ್ಲ.

ಅಕ್ಕೋರು ಪುಸ್ತಕ ಮುಚ್ಚಿ ಚೀಲ ಹುಡುಕಿದರು. ಚೀಲ ಅವರ ಕಾಲ ಹತ್ತಿರವೇ ಇತ್ತು. ಕೈ ಎರಡು ಸಲ ಗಾಳಿಯಲ್ಲಿ ಹೋಗಿ ಬಂತು... ಚಾಚಾ ಎತ್ತಿ ಕೊಟ್ಟರು. "ಬಸ್ಸಿನ ಹೊತ್ತಾತು," ಅಂದು ಮೆಟ್ಟಿಲು ಎಣಿಸುತ್ತ ಇಳಿದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾವು ನಮ್ಮ ನೋಟುಬುಕ್ಕುಗಳನ್ನು ಮೂಲದ ಜೊತೆ ಇಟ್ಟು ನೋಡಿದೆವು. ಎಲ್ಲರಿಗೂ ಸಿಕ್ಕಿಕೊಂಡ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕೋರವೇ. ಪೋಸ್ಟ್ ಅಂಕಲ್ ತಮ್ಮ ನೋಟುಬುಕ್ಕು ಮುಚ್ಚಿ, "ನೀ ಕಮಲಾಪುರಕ್ಕ ಹೋಗಿ ಹೇಳಿ ಬಾ. ಯಾರಿಗೂ ಸಿಟ್ಟಿಲ್ಲ ಅನ್ನು. ನಾ ಆ ಬಾಳಿ ಸಾಲು ನಮ್ಮನಿಯಾಕಿ ಫೋಟೋದ ಕೆಳಗ ಬರೆದು ಹಾಕೀನಿ, ಅದನ್ನ ತೆಗ್ಯಾಂವ ಅಲ್ಲ ಅನ್ನು," ಅಂದರು. ಚಾಚಾ, "ಬೋಲ್ ಕೇ ಆನಾ ಬೇಟಾ, ಮಜಾಕ್ ಮಾಡಬ್ಯಾಡ," ಅಂದರು.

ಭಾನುವಾರ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ. ಅಕ್ಕೋರ ಕಣ್ಣು ಎರಡು ವರ್ಷದಿಂದ ಮಂದವಾಗುತ್ತ ಬಂದು, ಈಗ ಬೆಳಕು ಕತ್ತಲೆ ಇಷ್ಟೇ ಉಳಿದಿತ್ತು. ಬೋರ್ಡು ಕಾಣದ್ದಕ್ಕೆ ಕಂಡಕ್ಟರುಗಳ ಕೂಗು ಕೇಳಿ ಬಸ್ಸು ಹತ್ತುತ್ತಿದ್ದರಂತೆ.

"ಹೇಳ್ಬೇಕಿತ್ತು ನಾ," ಅಂದರು. "ಹೇಳಿದ್ರ ನೀವು ಬ್ಯಾರೆಯವರ ಕೈಗೆ ಪುಸ್ತಕ ಕೊಡ್ತಿದ್ರಿ. ಮತ್ತ ನಾ ಯಾಕ ಬರಬೇಕು ಅಲ್ಲಿಗೆ? ಮೊದಮೊದಲು ಬಾಯಿಪಾಠ ಇದ್ದದ್ದೇ ಹೇಳ್ತಿದ್ದೆ. ಮರೆತಲ್ಲಿ ನಂದು ಸೇರಿಸಿದೆ. ಆಮ್ಯಾಲ... ಯಾವುದು ನಂದು ಯಾವುದು ಅವರ್ದು ತಿಳೀಲಿಲ್ಲ. ಸತ್ತ ಸಾಧುವಿನ ಬಾಯಾಗ ನನ್ನ ಮಾತು ಇಟ್ಟೆ ನೋಡು."

"ನಾನೂ ಅದೇ ದಂಧೆ ಮಾಡ್ತೀನಲ್ರೀ," ಅಂದೆ.

"ನೀ ಮಾಡೋದು ಎಲ್ಲಾರಿಗೂ ಗೊತ್ತದ. ನಂದು ಯಾರಿಗೂ ಗೊತ್ತಿರಲಿಲ್ಲ."

ಸ್ಟೂಲಿನ ಮೇಲೆ ಕಾಲು ಬದಲಾಯಿಸಿದೆ. ಬಂದು ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳುತ್ತೇನೆ, ಕರೆದೊಯ್ಯಲು ಶನಿವಾರ ನೀ ಬಾ ಅಂದರು ಅಕ್ಕೋರು. ಹೊರಡುವಾಗ ಬಾಗಿಲ ಚೌಕಟ್ಟು ಹಿಡಿದು ಕೇಳಿದರು: "ಪೋಸ್ಟ್ ಅಣ್ಣಾರು ಏನಂದ್ರೋ?"

ಪೋಸ್ಟ್ ಅಂಕಲ್ ಹೇಳಿ ಕಳಿಸಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಇಲ್ಲೇ ಹೇಳಿದರೆ ಶನಿವಾರ ಏನು ಉಳಿಯಿತು ಅನ್ನಿಸಿತು. ಅವರು ತಲೆ ತಗ್ಗಿಸಿ ಒಳಗೆ ಬರಬೇಕು, ಪೋಸ್ಟ್ ಅಂಕಲ್ ಎದ್ದು ಬಾಳೆಯ ಸಾಲು ಓದಬೇಕು, ನಾನು ಮೂಲೆಯಲ್ಲಿ ನಿಂತು ಅಕ್ಕೋರ ಮುಖ ನೋಡಬೇಕು. ಅದಕ್ಕೇ ಬಾಗಿಲ ಕಟ್ಟಿಗೆಯನ್ನೇ ಮೇಜಿನಂತೆ ಕುಟ್ಟಿ, ಪೋಸ್ಟ್ ಅಂಕಲ್ ದನಿಯಲ್ಲಿ, "ಶನಿವಾರ ಬರ್ಲಿ ಆಕಿ, ವಿಚಾರಿಸ್ಕೋತೀನಿ," ಅಂದೆ. ಅಕ್ಕೋರು ತುಟಿ ಸಡಿಲಿಸಿದರು.

ಆ ಶನಿವಾರ ಕುಸನೂರ ಕಡೆ ಒಂದು ಹುಟ್ಟುಹಬ್ಬದಲ್ಲಿ ನನ್ನ ಮಿಮಿಕ್ರಿ ಕಾರ್ಯಕ್ರಮ ಬಂತು. ಫೋನು ಮಾಡಿ, ಮುಂದಿನ ಶನಿವಾರ ಕರಕೊಂಡು ಹೋಗ್ತೀನ್ರಿ ಅಂದೆ.

"ಹೌದಾ... ಅವರು ಬ್ಯಾಡ ಅಂದ್ರೇನು?"

"ಇನ್ನಾ ಸಿಟ್ಟು ಇಳಿದಿಲ್ಲ ನಂದು," ಅಂದೆ, ಮತ್ತೆ ಅದೇ ದನಿಯಲ್ಲಿ. ಆ ಕಡೆಯಿಂದ ಏನೋ ಸಣ್ಣ ಸಪ್ಪಳ ಬಂತು. ನಗು ಅಂದುಕೊಂಡೆ.

ಆ ಮುಂದಿನ ಶನಿವಾರ ಬರುವ ಮೊದಲೇ, ಗುರುವಾರ ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ಬಡಿದರೆ ಅಕ್ಕೋರು ತೆಗೆಯಲಿಲ್ಲ. ಎದೆ ನಿಂತಿತ್ತಂತೆ. ಮಣ್ಣು ಮಾಡಿ ಬರುವಾಗ, ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಪೋಸ್ಟ್ ಅಂಕಲ್ ನನ್ನ ಮೊಣಕೈ ಹಿಡಿದು, "ಸಿಟ್ಟಿಲ್ಲ ಅಂತ ಹೇಳಿದ್ದೆಲ್ಲೋ ನೀ ಆಕಿಗೆ?" ಅಂದರು. ಹೇಳಿದ್ದೆ ಅಂದೆ.

ಈಗಲೂ ಶನಿವಾರ ನಾವು ಕೂಡುತ್ತೇವೆ. ಪೋಸ್ಟ್ ಅಂಕಲ್ ಮೂಲ ಓದುತ್ತಾರೆ. ಅಧ್ಯಾಯ ಮುಗಿದ ಮೇಲೆ, "ಈಗ ಅಕ್ಕೋರ್ದು," ಅಂತಾರೆ. ನೋಟುಬುಕ್ಕಿನಿಂದ ನಾನು ಓದುತ್ತೇನೆ, ನನ್ನದೇ ದನಿಯಲ್ಲಿ. ಅದು ಎಂಥ ಸಪ್ಪೆ ದನಿ ಅಂತ ನನಗೆ ಗೊತ್ತಿರಲಿಲ್ಲ. ಅಕ್ಕೋರ ದನಿ ಬರುವುದಿಲ್ಲ ಅಂತಲ್ಲ, ಪೂರಾ ಬರುತ್ತದೆ, ಬಸ್ಸಿನಲ್ಲಿ ಕೂತಾಗ ತಾನಾಗಿ ಬರುತ್ತದೆ... ಆ ದನಿಗೆ ಒಂದೇ ಪ್ರಶ್ನೆ ಬರುತ್ತದೆ, ಬ್ಯಾಡ ಅಂದ್ರೇನು ಅಂತ.

ಮೊನ್ನೆ ಶನಿವಾರ ಎಲ್ಲ ಇಳಿದು ಹೋದ ಮೇಲೆ ಪೋಸ್ಟ್ ಅಂಕಲ್ ಸ್ಕೂಟರಿನ ಹತ್ತಿರ ನಿಂತು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ, ವಾರವಾರ ಅನ್ನುವ ಮಾತನ್ನೇ ಅಂದರು. "ಹೋಗೋ ಮುಂದ ಆಕಿಗೆ ಗೊತ್ತಿತ್ತಲ್ಲ, ಅಷ್ಟ ಸಾಕು ನೋಡು ನನಗ."

"ಹೌದ್ರಿ," ಅಂದೆ ನಾನು.

ಅವರು ಹೊರಟರು. ಕಾಲೋನಿಯ ತಿರುವು ದಾಟುವವರೆಗೆ ನಿಂತು ನೋಡಿದೆ. ಕೂಗಿದ್ದರೆ ಕೇಳಿಸುವಷ್ಟು ಹತ್ತಿರವೇ ಇದ್ದರು.