ಮೊದಲೇ ತುಂಬಿಟ್ಟ ಅರ್ಜಿ

ವಾಹನ ನೋಂದಣಿ ಕಚೇರಿಯ ಎದುರು, ಝೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಮರದ ಕುರ್ಚಿ, ಬಂದವರಿಗೆಂದು ಒಂದು ಸ್ಟೂಲು. ಇಪ್ಪತ್ತೆರಡು ವರ್ಷಗಳಿಂದ ನನ್ನ ಸೋದರತ್ತೆ ಅಲ್ಲಿ ಕೂತು ಊರಿನವರ ಅರ್ಜಿ ತುಂಬುತ್ತಾಳೆ. ಲೈಸೆನ್ಸು, ಹೆಸರು ಬದಲಾವಣೆ, ಗಾಡಿ ಮಾರಾಟ, ಎಲ್ಲಕ್ಕಿಂತ ಹೆಚ್ಚಾಗಿ ವಿಮೆ. ಊರಿಗೆಲ್ಲ ಅವಳು ಫಾರಂ ಅಕ್ಕ. ಮೆಟ್ಟಿಲು ಹತ್ತಿಳಿಯುವವರ ಹೆಜ್ಜೆ ಸದ್ದು ಅವಳ ನೆತ್ತಿಯ ಮೇಲೆಯೇ. ಬರುತ್ತಿರುವವರಿಗೆ ಅವಸರವೋ, ಸುಮ್ಮನೆ ಹೊತ್ತು ಕಳೆಯಲು ಬಂದಿದ್ದಾರೋ ಎಂಬುದನ್ನು ಆ ಸದ್ದು ಕೇಳಿಯೇ ಹೇಳುತ್ತಾಳೆ.

ಕಾಲೇಜು ಬಿಟ್ಟು ಬಸ್ಸಿಗೆ ಕಾಯುವಾಗ ನಾನು ಆ ಮೇಜಿನ ಪಕ್ಕ ನಿಲ್ಲುತ್ತಿದ್ದೆ. ಸ್ಟೂಲಿನ ಮೇಲೆ ಕೂತವರಿಗೆ ವಿಮೆಯನ್ನು ಅವಳಷ್ಟು ಚೆನ್ನಾಗಿ ಬಿಡಿಸಿ ಹೇಳುವವರನ್ನು ನಾನು ಕಂಡಿಲ್ಲ.

"ನೋಡಪ್ಪ, ಥರ್ಡ್ ಪಾರ್ಟಿ ಅಂದ್ರೆ ನೀನು ಗುದ್ದಿದೋರಿಗೆ. ಅವರ ಕೈಕಾಲು, ಅವರ ಗಾಡಿ, ಅವರ ಗೋಡೆ. ಇದಿಲ್ದೆ ರಸ್ತೆಗೆ ಇಳಿಯೋ ಹಾಗೇ ಇಲ್ಲ. ಆದ್ರೆ ಇದ್ರಲ್ಲಿ ನಿನಗೆ ಬಿಡಿಗಾಸೂ ಇಲ್ಲ."

"ನಂಗೇ ಇಲ್ವಾ? ದುಡ್ಡು ಕಟ್ಟೋನು ನಾನು!"

"ಅದಕ್ಕೇ ಫುಲ್ ಅಂತ ಇನ್ನೊಂದಿರೋದು. ನಿನ್ನ ಗಾಡಿ ಜಜ್ಜಿದ್ರೂ, ಸುಟ್ಟುಹೋದ್ರೂ, ಕಳುವಾದ್ರೂ ಅದು ಕೊಡುತ್ತೆ. ನಡುವೆ ಬೆಂಕಿ, ಕಳ್ಳತನಕ್ಕೆ ಮಾತ್ರ ಅಂತ ಒಂದಿದೆ. ಅದನ್ನ ಹಿಡ್ಕೊಂಡು ಮರಕ್ಕೆ ಗುದ್ದಿದ್ರೆ ಏನೂ ಬರಲ್ಲ."

"ಗಾಡಿದಾಯ್ತು. ನಾನು?"

"ನೀನು ಬೇರೆ. ಓಡಿಸೋನ ಜೀವಕ್ಕೆ, ಕೈಕಾಲಿಗೆ ಅಂತ ಬೇರೆ ಕಲಂ ಇದೆ. ಅದಕ್ಕೆ ಹೂಂ ಅಂದಿದ್ರೆ ಮಾತ್ರ ಉಂಟು. ಗಾಡಿ ಉಳಿದು ನೀನು ಹೋದ್ರೆ, ನಿನ್ನ ಹೆಂಡ್ತಿ ಸ್ಟೇರಿಂಗ್ ಮುಂದೆ ಕೂತು ಹಾರ್ನ್ ಹೊಡೀತಾಳಾ?"

ಇಷ್ಟನ್ನೂ ತಲೆದೂಗಿ ಕೇಳಿದವನು ಕೊನೆಗೆ ಹೇಳುತ್ತಿದ್ದುದು ಒಂದೇ ಮಾತು. "ಯಾವುದು ಕಡಿಮೆಯೋ ಅದನ್ನೇ ಬರೀರಿ ಅಕ್ಕ." ಹತ್ತರಲ್ಲಿ ಒಂಬತ್ತು ಮಂದಿಯದು ಇದೇ ಉತ್ತರ.

ಹೀಗಾಗಿ ಅತ್ತೆಗೆ ಒಂದು ರೂಢಿ ಬೆಳೆದಿತ್ತು. ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಇಪ್ಪತ್ತೈದು ಖಾಲಿ ಫಾರಂ ತೆಗೆದು, ಎಲ್ಲರೂ ಕೇಳುವುದನ್ನೇ ಅದರಲ್ಲಿ ತುಂಬಿಡುತ್ತಿದ್ದಳು. ಥರ್ಡ್ ಪಾರ್ಟಿ ಮಾತ್ರ ಎಂಬುದರ ಎದುರು ಟಿಕ್. ಓಡಿಸುವವರ ಕಲಮಿನ ಎದುರು 'ಬೇಡ, ಬೇರೆ ಪಾಲಿಸಿ ಇದೆ' ಎಂಬುದಕ್ಕೆ ಟಿಕ್; ಆ ಕಲಮು ಬಿಡಲು ಫಾರಮ್ಮಿನಲ್ಲಿದ್ದ ದಾರಿ ಅದೊಂದೇ. ಹೆಸರು, ಗಾಡಿ ನಂಬರು, ಸಹಿಯ ಜಾಗ ಖಾಲಿ. ಈ ಕಟ್ಟು ಮೇಜಿನ ಎಡಕ್ಕೆ, ಏನೂ ತುಂಬದ ಫಾರಮ್ಮುಗಳು ಬಲಕ್ಕೆ. ಪಕ್ಕದ ಮೇಜಿನವರು ಒಂದು ಅರ್ಜಿ ಮುಗಿಸುವಷ್ಟರಲ್ಲಿ ಅವಳು ಮೂರು ಮುಗಿಸುತ್ತಿದ್ದಳು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ನನ್ನ ಚಿಕ್ಕಪ್ಪ ಅವಳ ತಮ್ಮ, ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿದ್ದು, ಬೈದು ಉಣಿಸಿದ್ದು ಎಲ್ಲ ಅತ್ತೆಯೇ. ಶಾಲೆಗೆ ಸೇರಿಸಿದ ಅರ್ಜಿಯಿಂದ ಹಿಡಿದು ಮದುವೆ ನೋಂದಣಿಯವರೆಗೆ ಅವನ ಕಾಗದಗಳಲ್ಲೆಲ್ಲ ಅವಳ ಅಕ್ಷರ. ಅವನದು ಬರೀ ಸಹಿ. ಅವನದೊಂದು ಸಣ್ಣ ಸರಕು ಗಾಡಿ. ಮನೆ ಬದಲಾಯಿಸುವವರ ಮಂಚ, ಫ್ರಿಜ್ಜು, ಬೀರು ಸಾಗಿಸುವ ಕೆಲಸ. ಬೀರುವನ್ನು ಒಬ್ಬನೇ ಬೆನ್ನಿಗೇರಿಸಿಕೊಂಡು ಮೂರನೇ ಮಹಡಿ ಹತ್ತುತ್ತಾನೆಂದು ಬೀದಿಯವರು ಅವನನ್ನೇ ಬೀರು ಎಂದು ಕರೆಯುತ್ತಿದ್ದರು. ಅವನ ಗಾಡಿಗೆ ಪ್ರತಿ ವರ್ಷ ಫುಲ್, ಜೊತೆಗೆ ಓಡಿಸುವವನ ಕಲಮು. ಅವನು ಕೇಳುವುದೂ ಇಲ್ಲ, ಅವಳು ಹೇಳುವುದೂ ಇಲ್ಲ.

ಒಂದು ಬುಧವಾರ ಮಧ್ಯಾಹ್ನ ಅಡ್ಡ ಬಂದ ಸೈಕಲ್ಲನ್ನು ತಪ್ಪಿಸಲು ಹೋಗಿ ಚಿಕ್ಕಪ್ಪ ಹಲ್ಲಿನ ಡಾಕ್ಟರೊಬ್ಬರ ಕಾಂಪೌಂಡಿಗೆ ಗಾಡಿ ನುಗ್ಗಿಸಿದ. ಸೈಕಲ್ಲಿನವರಿಗೆ ಏನೂ ಆಗಲಿಲ್ಲ. ಗೋಡೆ ಹತ್ತಡಿ ಮಲಗಿತು. ಗಾಡಿಯ ಮುಂಭಾಗ ಸೀಟಿನವರೆಗೆ ಮಡಚಿಕೊಂಡಿತು. ಆ ಮಡಿಕೆಯೊಳಗೆ ಅವನ ಎಡಗಾಲಿತ್ತು.

ಮೂರನೆಯ ದಿನ ಅತ್ತೆ, ಚಿಕ್ಕಮ್ಮ, ನಾನು ವಿಮೆ ಕಚೇರಿಗೆ ಹೋದೆವು. ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಚಿಕ್ಕಮ್ಮ ರಜೆ ಹಾಕಿ ಬಂದಿದ್ದಳು. ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಪಾಗಿತ್ತು.

"ಹೆದರಬೇಡ್ವೇ," ಎಂದಳು ಅತ್ತೆ ಸಾಲಿನಲ್ಲಿ ನಿಂತು. "ಗಾಡಿಗೆ ಫುಲ್ ಇದೆ. ಅವನ ಕಾಲಿಗೂ ಇದೆ. ಇಪ್ಪತ್ತೆರಡು ವರ್ಷ ನಾನೇನು ನೊಣ ಹೊಡೀತಾ ಕೂತಿದ್ನಾ?"

ಗುಮಾಸ್ತರು ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಮೆತ್ತಗಿನ ಮನುಷ್ಯ. ಪಾಲಿಸಿ ನಂಬರು ಕೇಳಿ, ಕಂಪ್ಯೂಟರು ನೋಡಿ, "ಆ ಗೋಡೆದಾ? ಅದು ಆಗುತ್ತಮ್ಮ. ಡಾಕ್ಟ್ರು ಕಾಗದ ಕೊಟ್ಟಾಗಿದೆ," ಎಂದರು.

"ಗೋಡೆದಲ್ಲ, ಗಾಡಿದು," ಎಂದಳು ಅತ್ತೆ.

"ಗಾಡಿದು ಇಲ್ವಲ್ಲಮ್ಮ."

"ಓಡಿಸ್ತಿದ್ದೋನದು?"

"ಅದೂ ಇಲ್ಲ. ಥರ್ಡ್ ಪಾರ್ಟಿ ಒಂದೇ ಇರೋದು."

ಚಿಕ್ಕಮ್ಮನಿಗೆ ಅಷ್ಟು ಸಾಕಾಯಿತು. "ಗೋಡೆಗೆ ಕೊಡ್ತೀರಿ, ಮನುಷ್ಯನಿಗೆ ಕೊಡಲ್ವಾ? ಗೋಡೆ ನಿಮ್ಮ ಮಾವನ ಮನೇದಾ? ಅತ್ತಿಗೆ ಫುಲ್ ಅಂತ ಬರೆದಿದ್ದನ್ನ ನೀವೇ ಒಳಗೆ ಕೂತು ತಿದ್ದಿದ್ದೀರಿ!" ಸಾಲಿನಲ್ಲಿದ್ದವರ ಕಡೆ ತಿರುಗಿ, "ನೋಡ್ರೀ, ಇವತ್ತು ನಮಗೆ, ನಾಳೆ ನಿಮಗೆ!" ಎಂದಳು. ಒಂದಿಬ್ಬರು ಹೌದೆಂದರು. ಇನ್ನೊಬ್ಬರು, "ಕೊರಳಿಗೆ ಕನ್ನಡಕ ಕಟ್ಟಿರೋದೇ ಅದಕ್ಕೆ, ಬೇಕಾದಾಗ ಕುರುಡಾಗೋಕೆ," ಎಂದದ್ದಕ್ಕೆ ನಗೆ ಎದ್ದಿತು.

ಗುಮಾಸ್ತರ ಕಿವಿ ಕೆಂಪಾದವು. ಎದ್ದು ಕಪಾಟಿನಿಂದ ಫೈಲು ತೆಗೆದು, ಅದರೊಳಗಿನ ಅರ್ಜಿಯನ್ನು ಅತ್ತೆಯ ಕಡೆಗೆ ತಿರುಗಿಸಿ ಇಟ್ಟರು. "ನೀವೇ ಓದ್ಕೊಳ್ಳಿ."

ನಾನು ಅತ್ತೆಯ ಭುಜದ ಮೇಲಿಂದ ಬಗ್ಗಿ ನೋಡಿದೆ. ಟಿಕ್ಕಿನ ಬಾಲವನ್ನು ಉದ್ದಕ್ಕೆ ಎಳೆದು ತುದಿಯಲ್ಲಿ ಸ್ವಲ್ಪ ಬಾಗಿಸುವ ಕೈ ಊರಲ್ಲಿ ಒಂದೇ. ಆ ಬಾಗಿದ ಬಾಲ ಥರ್ಡ್ ಪಾರ್ಟಿ ಎದುರು ಇತ್ತು. 'ಬೇಡ, ಬೇರೆ ಪಾಲಿಸಿ ಇದೆ' ಎಂಬುದರ ಎದುರೂ ಇತ್ತು. ಮೇಲೆ ಚಿಕ್ಕಪ್ಪನ ಹೆಸರು ಅವಳದೇ ದುಂಡನೆಯ ಅಕ್ಷರದಲ್ಲಿ, ಕೆಳಗೆ ಅವನ ಸಹಿ.

ಅತ್ತೆ ಆ ಹಾಳೆಯನ್ನು ಮುಟ್ಟಲಿಲ್ಲ. ಅವಳ ಕೈ ಮೇಜಿನ ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತು. ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತಿತ್ತು, ಬೀಳುತ್ತಿತ್ತು.

"ಬಾ, ಹೋಗೋಣ," ಎಂದಳು ಕೊನೆಗೆ.

"ಏನತ್ತಿಗೆ, ಹಾಗೇ ಬಿಟ್ಟು ಬರ್ತೀರಾ? ಇವರ ಮೇಲೆ ಕೇಸು ಹಾಕ್ಬೇಕು!" ಸಾಲಿನವರ ಜೊತೆ ಮಾತಿಗಿಳಿದಿದ್ದ ಚಿಕ್ಕಮ್ಮ ಹಾಳೆಯನ್ನು ನೋಡಿರಲೇ ಇಲ್ಲ.

ಆಸ್ಪತ್ರೆಯಲ್ಲಿ ಚೀಟಿ ಬರೆಸಿಕೊಂಡು ಔಷಧಿ ಕೊಳ್ಳಬೇಕಿತ್ತು. ಚಿಕ್ಕಮ್ಮ ಆಟೋ ಹತ್ತಿ ಮುಂದೆ ಹೋದಳು. ನಾವಿಬ್ಬರೂ ನಡೆದೆವು. ನಾಲ್ಕು ಹೆಜ್ಜೆಗೊಮ್ಮೆ ಅತ್ತೆ ನಿಲ್ಲುತ್ತಿದ್ದಳು.

"ಫಾರಂ ಬರೆಸಿದ ದಿನ ಗಾಡಿ ತುಂಬ ಫ್ರಿಜ್ಜು ಹೇರ್ಕೊಂಡು ಬಂದಿದ್ದ," ಎಂದಳು. "ಕಚೇರಿ ಗೇಟಿಗೇ ಅಡ್ಡ ನಿಲ್ಲಿಸಿದ್ದ. ಹಿಂದೆ ಹಾರ್ನೋ ಹಾರ್ನು, ಪೊಲೀಸಪ್ಪ ಬೇರೆ ಬಾನೆಟ್ ಬಡೀತಿದ್ದ. ಅಕ್ಕ ಬೇಗ, ಅಕ್ಕ ಬೇಗ ಅಂದ. ಎಡಗೈ ತಾನಾಗೇ ಎಡಗಡೆ ಕಟ್ಟಿಗೆ ಹೋಯ್ತು ಕಣೇ. ನಾನು ನೋಡ್ಲೇ ಇಲ್ಲ."

ರಸ್ತೆಯಲ್ಲಿ ಗಾಡಿಗಳು ಹರಿಯುತ್ತಿದ್ದವು. ಹಾಲಿನ ವ್ಯಾನು. ಮುಂದೆ ಮಗುವನ್ನು ನಿಲ್ಲಿಸಿಕೊಂಡು ಸ್ಕೂಟರಿನಲ್ಲಿ ಹೋದ ಹೆಂಗಸು. ಹಗ್ಗ ಬಿಗಿದ ಗ್ಯಾಸ್ ಸಿಲಿಂಡರುಗಳ ಟ್ರಾಲಿ. ಅತ್ತೆ ಒಂದೊಂದನ್ನೂ ತಿರುಗಿ ನೋಡುತ್ತಿದ್ದಳು. ತಾನು ಫಾರಂ ತುಂಬಿದ ಗಾಡಿಯೋ ಎಂದು ಅವಳು ನಂಬರು ನೋಡುತ್ತಿದ್ದಾಳೆಂಬುದು ನನಗೆ ತಡವಾಗಿ ಹೊಳೆಯಿತು. ಹೊಳೆದ ಮೇಲೆ ನಾನೂ ನಂಬರುಗಳನ್ನೇ ನೋಡತೊಡಗಿದೆ.

ಚಿಕ್ಕಪ್ಪನ ಹಾಸಿಗೆ ಕಿಟಕಿಯ ಪಕ್ಕದಲ್ಲಿತ್ತು. ಕಾಲಿಗೆ ತೂಕ ಕಟ್ಟಿ ಇಳಿಬಿಟ್ಟಿದ್ದರು. ಬೀರು ಹೊತ್ತ ಮೈ ಆ ಕಬ್ಬಿಣದ ಮಂಚಕ್ಕೆ ದೊಡ್ಡದಾಗಿ, ಪಾದ ಸರಳಿನಾಚೆ ಚಾಚಿತ್ತು.

"ಏನಂದ್ರು ಅಕ್ಕ?"

ಅತ್ತೆ ಕೂರಲಿಲ್ಲ. "ಫಾರಂ ತೆಗೆದು ತೋರ್ಸಿದ್ರು. ನಾನೇ ತಪ್ಪು ಬರೆದಿದೀನಿ ಕಣೋ. ಮೊದಲೇ ತುಂಬಿಟ್ಟಿದ್ರಲ್ಲಿ ಒಂದನ್ನ ನಿಂಗೆ ಕೊಟ್ಬಿಟ್ಟೆ. ನಿನ್ನ ಗಾಡಿಗಿಲ್ಲ. ನಿನ್ನ ಕಾಲಿಗೂ ಇಲ್ಲ."

ಚಿಕ್ಕಪ್ಪ ಚಾವಣಿ ನೋಡುತ್ತಾ, "ಗೊತ್ತು," ಎಂದ.

"ಏನು ಗೊತ್ತು?"

"ಆವತ್ತೇ ಗೊತ್ತಾಯ್ತು. ದುಡ್ಡು ಕಟ್ಟೋಕೆ ಹೋದ್ರೆ ತುಂಬ ಕಡಿಮೆ ಬಂತು. ಇದೇನಪ್ಪ ಅಂತ ಗಾಡಿಲಿ ಕೂತು ಪಾಲಿಸಿ ಓದಿದೆ. ಎಲ್ಲ ಬರೆದಿತ್ತಲ್ಲ."

"ಮತ್ತೆ... ಮತ್ತೆ ಯಾಕೋ ಕೇಳ್ಲಿಲ್ಲ?"

"ನೀನು ಬರೆದದ್ದಲ್ವಾ?" ಎಂದ ಅವನು. ಇದನ್ನೂ ಬಿಡಿಸಿ ಹೇಳಬೇಕೇ ಎಂಬಂಥ ದನಿ. "ಏನೋ ಯೋಚನೆ ಮಾಡೇ ಬರೆದಿರ್ತೀಯ ಅಂದ್ಕೊಂಡೆ."

ಅತ್ತೆ ಕೈಯಿಂದ ಗೋಡೆ ಹುಡುಕಿಕೊಂಡಳು. ತಪ್ಪು ತನ್ನದೆಂದು ತಿಳಿದಾಗಲೂ ಅವಳ ಮುಖ ಹಾಗೆ ಬಿಳಿಚಿರಲಿಲ್ಲ. ಹತ್ತು ತಿಂಗಳು ಅವನು ಎಲ್ಲ ತಿಳಿದೂ ಆ ಗಾಡಿ ಓಡಿಸಿದ್ದ. ಅವಳ ಅಕ್ಷರದ ಮೇಲೆ ಭಾರ ಹಾಕಿ ಊರೆಲ್ಲ ತಿರುಗಿದ್ದ.

"ಅವಳಿಗೆ ಹೇಳ್ಬೇಡ," ಎಂದ ಚಿಕ್ಕಪ್ಪ ದನಿ ತಗ್ಗಿಸಿ. "ಕಂಪನಿಯೋರೇ ಮೋಸ ಮಾಡಿದ್ರು ಅಂತ ಇರ್ಲಿ. ನಾಲ್ಕು ದಿನ ಬೈದು ಸುಮ್ನಾಗ್ತಾಳೆ. ನಿನ್ನ ಮೇಲೆ ಬಂದ್ರೆ ಸುಮ್ನಾಗೋಳಲ್ಲ."

ಅಷ್ಟರಲ್ಲಿ ಚಿಕ್ಕಮ್ಮ ಮಾತ್ರೆಗಳ ಪೊಟ್ಟಣ ಹಿಡಿದು ಬಂದಳು. ಗುಮಾಸ್ತರ ಮೇಲಿನ ಬೈಗುಳ ಇನ್ನೂ ನಡೆದೇ ಇತ್ತು. "ಆ ಕನ್ನಡಕದೋನು ನಾಳೆ ನನ್ನ ಕೈಗೆ ಸಿಗ್ಲಿ..."

"ಅವರದೇನೂ ತಪ್ಪಿಲ್ಲ," ಎಂದಳು ಅತ್ತೆ. "ಫಾರಂ ತಪ್ಪು ಬರೆದೋಳು ನಾನು."

ಚಿಕ್ಕಮ್ಮ ಮೊದಲು ನಕ್ಕಳು. "ಇಂಥ ಹೊತ್ತಲ್ಲೂ ತಮಾಷೆನಾ ಅತ್ತಿಗೆ?" ಆಮೇಲೆ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಗು ತುಟಿಯ ಮೇಲೇ ಉಳಿದು ಕಣ್ಣು ಮಾತ್ರ ಬದಲಾದವು. ಮಂಚದ ಅಂಚಿಗೆ ಕೂತು ಪೊಟ್ಟಣ ಬಿಚ್ಚಿ, ಬೆಳಗಿನ ಮಾತ್ರೆ ಬೇರೆ, ಮಧ್ಯಾಹ್ನದ್ದು ಬೇರೆ ಮಾಡತೊಡಗಿದಳು. ಎರಡು ಸಲ ತಪ್ಪಿ ಮತ್ತೆ ಬೇರ್ಪಡಿಸಿದಳು.

"ಅಷ್ಟು ಜನರೆದುರು ಆ ಮನುಷ್ಯರಿಗೆ ಬಾಯಿಗೆ ಬಂದ ಹಾಗೆ ಬೈದ್ಬಿಟ್ಟೆ," ಎಂದಳು. ಆಮೇಲೆ, ತಲೆ ಎತ್ತದೆ, "ಊರೋರನ್ನೆಲ್ಲ ಸ್ಟೂಲ್ ಮೇಲೆ ಕೂರ್ಸಿ ಹೇಳ್ತೀರಿ ಅತ್ತಿಗೆ. ಇವರನ್ನ ಒಂದ್ಸಲನಾದ್ರೂ ಕೂರ್ಸಿ ಹೇಳಿದ್ರಾ?"



ಮರುದಿನ ಅತ್ತೆ ಗುಮಾಸ್ತರಲ್ಲಿಗೆ ಒಬ್ಬಳೇ ಹೋಗಿ ಕ್ಷಮೆ ಕೇಳಿ ಬಂದಳು. ಆಮೇಲೆ ತನ್ನ ಪುಸ್ತಕ ತೆಗೆದು, ಆ ವರ್ಷ ಬರೆಸಿಕೊಂಡವರಿಗೆಲ್ಲ ಫೋನು ಹಚ್ಚತೊಡಗಿದಳು. "ನಿಮಗೆ ಇರೋದು ಥರ್ಡ್ ಪಾರ್ಟಿ ಮಾತ್ರ. ಓಡಿಸೋರಿಗೆ ಏನೂ ಇಲ್ಲ, ಗೊತ್ತಾ?" ಹೆಚ್ಚಿನವರು ಗೊತ್ತು ಎಂದು ಫೋನಿಟ್ಟರು. ಕೆಲವರು, ಕಮಿಷನ್ನಿಗಾಗಿ ಹೆದರಿಸುತ್ತಿದ್ದೀಯಾ ಎಂದು ರೇಗಿದರು. ಸ್ಕೂಟರಿನವರೊಬ್ಬರು ಮಾತ್ರ, "ಇಲ್ವಾ? ಇದೆ ಅಂದ್ಕೊಂಡಿದ್ನಲ್ಲಕ್ಕ," ಎಂದರಂತೆ.

ಗಾಡಿ ಗುಜರಿಗೆ ಹೋಯಿತು. ಡಾಕ್ಟರ ಕಾಂಪೌಂಡು ಮೊದಲಿಗಿಂತ ಎತ್ತರವಾಗಿ ಎದ್ದಿತು. ಐದು ತಿಂಗಳ ಮೇಲೆ ಚಿಕ್ಕಪ್ಪ ಕುಂಟುತ್ತಾ ನಡೆದಾಡುವಂತಾದ. ಇನ್ನು ಬೀರು ಹೊರುವ ಹಾಗಿಲ್ಲ, ಓಡಿಸಬಹುದು ಎಂದರು ಆಸ್ಪತ್ರೆಯವರು. ಪೀಠೋಪಕರಣದ ಅಂಗಡಿಯೊಂದಕ್ಕೆ ಡ್ರೈವರು ಬೇಕಾಗಿತ್ತು. ಅಂಗಡಿಯ ಮಾಲೀಕರು ಬಂದು ಮಾತಾಡು ಎಂದಿದ್ದರು.

"ಅವರ ಗಾಡಿ ಪಾಲಿಸಿ ನೋಡ್ದೆ ಒಪ್ಕೋಬೇಡ. ನಾನೂ ಬರ್ತೀನಿ," ಎಂದಳು ಅತ್ತೆ.

"ನೀನು ಹೊರಗಿರು ಅಕ್ಕ."

ಹಾಗಾಗಿ ನಾವಿಬ್ಬರೂ ರಸ್ತೆಯ ಈಚೆ ನಿಂತೆವು. ಗಾಜಿನಾಚೆ ಸೋಫಾಗಳ ನಡುವೆ ಚಿಕ್ಕಪ್ಪ ಏನೋ ಕೇಳಿದ. ಮಾಲೀಕರ ಹುಬ್ಬು ಮೇಲೇರಿತು. ಅವರು ಹುಡುಕಿ ಹುಡುಕಿ ಒಂದು ಫೈಲು ಕೊಟ್ಟರು. ಚಿಕ್ಕಪ್ಪ ಒಂದು ಊಟದ ಮೇಜಿಗೆ ಒರಗಿ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದ. ಪುಟ ತಿರುಗಿಸಿದ. ಮತ್ತೆ ಹಿಂದಕ್ಕೆ ಬಂದ. ಮಾಲೀಕರು ಗಡಿಯಾರ ನೋಡಿಕೊಂಡರು. "ಸಾಕು ಬಾರೋ, ಕೆಲಸ ಹೋಗುತ್ತೆ," ಎಂದು ಅತ್ತೆ ತನ್ನಷ್ಟಕ್ಕೆ ಗೊಣಗಿದಳು.

ಅವನು ಹೊರಬಂದಾಗ ಅವಳು ವಾಹನಗಳನ್ನೂ ನೋಡದೆ ರಸ್ತೆ ದಾಟಿದ್ದಳು.

"ಗಾಡಿಗೆ ಫುಲ್ ಇದೆ," ಎಂದ ಚಿಕ್ಕಪ್ಪ. "ಓಡಿಸೋನಿಗೆ ಇಲ್ಲ. ಅದನ್ನ ಸೇರಿಸಿದ್ಮೇಲೆ ಬರ್ತೀನಿ ಅಂದೆ."

"ಅಯ್ಯೋ! ಏನಂದ್ರು?"

"ಮೊದ್ಲು ಗುರಾಯಿಸಿದ್ರು. ಆಮೇಲೆ ಸೋಮವಾರ ಸೇರಿಸ್ತೀನಿ ಅಂದ್ರು."

ಅತ್ತೆಯ ಎದೆಯಿಂದ ದೊಡ್ಡ ಉಸಿರೊಂದು ಇಳಿಯಿತು. "ಸರಿ, ಭಾನುವಾರವೇ ಫಾರಂ ಬರೆದಿಡ್ತೀನಿ. ಅವರ ಸಹಿ ಮಾತ್ರ..."

"ಬೇಡ," ಎಂದ ಚಿಕ್ಕಪ್ಪ. ಗಡುಸಾಗೇನೂ ಹೇಳಲಿಲ್ಲ. "ಅದನ್ನ ನಾನೇ ಬರೀತೀನಿ ಅಂತ ಹೇಳಿ ಬಂದಿದೀನಿ."

ಅತ್ತೆ ಅವನು ಕುಂಟುವ ಕಡೆಗೆ ಬಂದು ಬಸ್ ನಿಲ್ದಾಣದವರೆಗೂ ಜೊತೆಯಲ್ಲಿ ನಡೆದಳು. ಬಸ್ಸು ಕಾಣಿಸಿದಾಗ ಮೆಲ್ಲಗೆ, ಬೇರೆಯವರನ್ನು ಕೇಳುವ ಹಾಗೆ ಕೇಳಿದಳು, "ಬರೆದಾದ ಮೇಲೆ ಒಂದ್ಸಲ ನೋಡ್ಲಾ?"

ಚಿಕ್ಕಪ್ಪ ಕಂಬಿ ಹಿಡಿದು ಒಳ್ಳೆಯ ಕಾಲನ್ನು ಮೊದಲು ಮೇಲಿಟ್ಟ. "ನೋಡೋಣ ಅಕ್ಕ," ಎಂದ.