ಬಾಯಿ ತೆರೆಯದ ಹಗೇವು

ತೊಂಬತ್ತರ ದಶಕದಲ್ಲಿ ನನ್ನ ಕಾಯಿಲೆಯ ಬಗ್ಗೆ ಹಿರಿಯೂರಿನಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಹೊಟ್ಟೆ ಮುಂದೆ ಬಂದದ್ದಕ್ಕೆ ಜಂತುಹುಳು ಎಂದವರೇ ಹೆಚ್ಚು. ಬೆಂಗಳೂರಿನ ಆಸ್ಪತ್ರೆಯವರು ಉದ್ದನೆಯ ಹೆಸರೊಂದನ್ನು ಹೇಳಿ, ಕೆಲವು ಗಂಟೆಗೊಮ್ಮೆ ಹಸಿ ಕಾರ್ನ್‌ಫ್ಲೋರನ್ನು ನೀರಿನಲ್ಲಿ ಕಲಸಿ ಕುಡಿಸಿ ಎಂದು ಕಳಿಸಿದರು. ಯಾಕೆಂದು ಅಪ್ಪನಿಗೆ ಹೇಳಿದ್ದರಂತೆ. ಕುಡಿಯುವವಳು ನಾನು, ನನಗೆ ಯಾರೂ ಹೇಳಲಿಲ್ಲ. ಸಿಟ್ಟು ಬರದೆ ಇರುತ್ತದೆಯೇ?

ಹೇಳಿದವರು ಚಿತ್ರದುರ್ಗದ ಮಕ್ಕಳ ಡಾಕ್ಟರಮ್ಮ. ಅಜ್ಜಿಯ ಜೊತೆ ಹೋಗಿದ್ದೆ. ಹಗೇವು ನೋಡಿದ್ದೀಯಾ ಎಂದು ಕೇಳಿದರು. ನೋಡಿದ್ದೆ, ಬಬ್ಬೂರಿನ ನಮ್ಮ ಹಳೇ ಮನೆಯ ಮುಂದೆ, ಒಂದು ಕಾಲಕ್ಕೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ ಇನ್ನೂ ಇತ್ತು. ಉಂಡ ಅನ್ನ ಸಕ್ಕರೆಯಾಗಿ, ಅದರಲ್ಲಿ ಒಂದು ಪಾಲು ಆ ಜೋಳದ ಹಾಗೆಯೇ ಲಿವರಿನಲ್ಲಿ ಶೇಖರವಾಗುತ್ತದೆ, ಹಸಿದಾಗ ಎಲ್ಲರ ಹಗೇವೂ ಬಾಯಿ ತೆರೆಯುತ್ತದೆ, ನಿನ್ನದು ತೆರೆಯುವುದಿಲ್ಲ ಎಂದರು. ಅದಕ್ಕೇ ಹೊಟ್ಟೆ ದಪ್ಪ, ಅದಕ್ಕೇ ಹಸಿದರೆ ಫಿಟ್ಸು. ಹಸಿ ಹಿಟ್ಟು ನಿಧಾನವಾಗಿ ಕರಗಿ ಮುಂದಿನ ಲೋಟದವರೆಗೆ ಸಕ್ಕರೆ ಒದಗಿಸಿ ನಿನ್ನನ್ನು ಕಾಯುತ್ತದೆ. ತಪ್ಪಿಸಿದರೆ ಜೀವಕ್ಕೇ ಅಪಾಯ ಎಂಬುದನ್ನೂ ಮುಚ್ಚಿಡಲಿಲ್ಲ. ಸೊಸೆ ಬಸುರಿಯಾಗಿದ್ದಾಗ ಏನಾದರೂ ತಿನ್ನಬಾರದ್ದು ತಿಂದಳೇ ಎಂದು ಅಜ್ಜಿ ಕೇಳಿದಳು. ಯಾರ ತಪ್ಪೂ ಅಲ್ಲ, ಹುಟ್ಟುತ್ತಲೇ ಹೀಗೆ ಎಂದರು. ಅಷ್ಟನ್ನೂ ನನ್ನ ಮುಖ ನೋಡಿಕೊಂಡೇ ಹೇಳಿದರು. ಅವರು ನನಗೆ ಬಹಳ ಇಷ್ಟವಾದರು.

ಅರ್ಥವಾಯಿತೆಂದು ತಲೆಯಾಡಿಸಿದೆ. ಅರ್ಥವಾದ ಮಾತ್ರಕ್ಕೆ ಬುದ್ಧಿ ಬರಬೇಕಲ್ಲ. ಆ ವರ್ಷ ಶಿವರಾತ್ರಿಗೆ ಓರಗೆಯ ಹುಡುಗಿಯರೆಲ್ಲ ಉಪವಾಸವಿದ್ದರು. ನಾನೂ ಇರುತ್ತೇನೆಂದು ಹಠ ಹಿಡಿದೆ. ಅಮ್ಮ ಗದರಿದಳು, ಅಪ್ಪ ರಮಿಸಿದರು, ನಾನು ಹಲ್ಲು ಕಚ್ಚಿ ಕೂತೆ. ಮನೆಮಂದಿಯೆಲ್ಲ ಉಪವಾಸವಿರುವಾಗ ನಾನೊಬ್ಬಳೇ ಲೋಟ ಎತ್ತುವುದು ನನಗೆ ಅವಮಾನ. ಕುಡಿಯುವ ಹೊತ್ತು ಮೀರಿತು. ಬೆವರು ಬಂತು, ಕೈ ನಡುಗತೊಡಗಿತು.

ಅಜ್ಜಿ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವಳು. ಶಿವರಾತ್ರಿಯ ದಿನ ಪೂಜೆಯಾದ ಮೇಲೂ ಮುಟ್ಟುತ್ತಿರಲಿಲ್ಲ. ಅವಳು ಅಮ್ಮನ ಕೈಯಿಂದ ಲೋಟ ತೆಗೆದುಕೊಂಡು, ನನ್ನೆದುರು ಕೂತು, ಎರಡು ಗುಟುಕು ಕುಡಿದಳು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಂದೂ ಹೋತು ಉಪಾಸ. ಈಗ ನೀನೊಬ್ಳೇ ಅಲ್ಲ, ಕುಡಿ."

ಕುಡಿದೆ. ಅಳುತ್ತಲೇ ಕುಡಿದೆ.

ಅಜ್ಜಿ ಇರುವವರೆಗೂ ನಮ್ಮ ಮನೆಯಲ್ಲಿ ಶಿವರಾತ್ರಿಯ ಬೆಳಿಗ್ಗೆ ಎರಡು ಲೋಟ ಕಲಸುತ್ತಿದ್ದರು.